ಹೊಲಿದು ಮುಚ್ಚದ ಜೇಬು

ಮಗನಿಗೆ ಶಾಲೆ ಆರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಸಮವಸ್ತ್ರ ಕತ್ತರಿಸುವವನು ಎಂಬ ಒಂದೇ ಕಾರಣಕ್ಕೆ. ನಮ್ಮ ಹೊಲಿಗೆ ಕಾರ್ಖಾನೆ ಒಂಬತ್ತು ಶಾಲೆಗಳಿಗೆ ಬಟ್ಟೆ ಒದಗಿಸುತ್ತದೆ. "ಒಂಬತ್ತು ಶಾಲೆ ನಿಮ್ಮ ಮೇಜಿನ ಮೇಲೇ ಬಿದ್ದಿರುತ್ತಲ್ಲರೀ, ನೀವೇ ನೋಡಿ ಹೇಳಿ," ಎಂದಳು ನನ್ನ ಹೆಂಡತಿ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೈಗೆ ಸಿಕ್ಕಿದ ಪುರಾವೆಯಿಂದ ಶುರು ಮಾಡಬೇಕು, ಅದು ಹೇಳಿದ್ದನ್ನು ನಂಬಬೇಕು ಎನ್ನುವುದು ಅವಳ ಕ್ರಮ. ನನ್ನದು ಹಾಗಲ್ಲ. ಅಳತೆ ಸರಿಯಿದೆ ಎಂದು ಗೊತ್ತಿದ್ದರೂ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ನನ್ನ ಕೈ ಒಮ್ಮೆ ತಡೆಯುತ್ತದೆ. ಇಪ್ಪತ್ತೆರಡು ವರ್ಷಗಳಿಂದ ತಡೆಯುತ್ತಿದೆ.

ಶಾಲೆಗಳ ವಿಷಯ ನನಗೆ ಅಷ್ಟಾಗಿ ತಿಳಿಯದು ಎಂದೂ ಹೇಳಬೇಕು. ಹತ್ತನೆಯ ತರಗತಿಯನ್ನು ನಾನು ಕೆಲಸಕ್ಕೆ ಸೇರಿದ ಮೇಲೆ ಸಂಜೆ ಶಾಲೆಯಲ್ಲಿ ಮುಗಿಸಿದವನು. ಬೆಳಗಿನ ಬಿಸಿಲು ಬಿದ್ದ ತರಗತಿಯ ಕೋಣೆ ಹೇಗಿರುತ್ತದೆ ಎಂಬುದು ನನ್ನ ನೆನಪಿನಲ್ಲಿ ಮಸುಕಾಗಿತ್ತು.

ನಮಗೆ ಅವಳಿ ಮಕ್ಕಳು. ಮಗಳು ಹನ್ನೊಂದು ನಿಮಿಷ ದೊಡ್ಡವಳು. ಆ ಹನ್ನೊಂದು ನಿಮಿಷವನ್ನು ಅವಳು ಹನ್ನೊಂದು ವರ್ಷದಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಳು. ಮಗನಿಗೆ ಏನು ಬೇಕು, ಏನು ಬೇಡ, ಎಲ್ಲಿ ನೋವು, ಯಾಕೆ ಸಿಟ್ಟು, ಎಲ್ಲವನ್ನೂ ಅವಳೇ ಹೇಳುತ್ತಿದ್ದಳು. "ಅವನಿಗೆ ಈ ಲೋಟ ಬೇಡವಂತೆ." "ಅವನು ಮಲಗಲ್ವಂತೆ." ಅವನು ಅವಳ ಪಕ್ಕದಲ್ಲಿ ನಿಂತು, ತನ್ನ ಅಹವಾಲು ಸರಿಯಾಗಿ ಮಂಡನೆಯಾಗುತ್ತಿದೆಯೇ ಎಂದು ನೋಡುವವನಂತೆ, ನಮ್ಮ ಮುಖಗಳನ್ನು ನೋಡುತ್ತಿದ್ದ. ನಮ್ಮ ಜೊತೆಗೇ ಇರುವ ನನ್ನ ಅತ್ತೆ ಅವಳಿಗೆ ವಕೀಲಮ್ಮ ಎಂದೂ ಅವನಿಗೆ ಸಾಹೇಬರು ಎಂದೂ ಹೆಸರಿಟ್ಟಿದ್ದರು. ಮನೆಯಲ್ಲಿ ಆ ಹೆಸರುಗಳೇ ಉಳಿದುಕೊಂಡವು.

ಅವನಿಗೆ ಮಾತು ಬರುತ್ತಿತ್ತು. ಮುಚ್ಚಿದ ಬಾಗಿಲಿನ ಆಚೆ ಅಕ್ಕನೊಂದಿಗೆ ಉದ್ದುದ್ದ ವಾಕ್ಯ ಆಡುವುದನ್ನು ನಾವು ಕೇಳಿದ್ದೆವು. ಬಾಗಿಲು ತೆಗೆದರೆ ನಿಂತುಹೋಗುತ್ತಿತ್ತು. ನಾಲ್ಕು ತುಂಬಲು ಬಂದರೂ ಹೀಗೆಯೇ ಇದ್ದುದರಿಂದ ಹೆಂಡತಿ ಅವನನ್ನು ಮಕ್ಕಳ ಮಾತಿನ ತೊಂದರೆ ನೋಡುವ ತಜ್ಞೆಯೊಬ್ಬರ ಬಳಿ ಕರೆದುಕೊಂಡು ಹೋದಳು. ಆಕೆ ಕಿವಿ ನೋಡಿದರು, ನಾಲಿಗೆ ನೋಡಿದರು, ಅರ್ಧ ಗಂಟೆ ಇಬ್ಬರನ್ನೂ ಒಟ್ಟಿಗೆ ಆಡಲು ಬಿಟ್ಟು ನೋಡಿದರು.

"ಎಲ್ಲಾ ಸರಿಯಾಗಿದೆ. ಇವನಿಗೆ ಮಾತಿನ ಅಗತ್ಯವೇ ಬಿದ್ದಿಲ್ಲ, ಅಷ್ಟೇ," ಎಂದರು. "ಕೇಳೋ ಮುಂಚೆ ನೀರು ತಂದುಕೊಡೋರು ಇದ್ರೆ ಯಾರು ತಾನೇ ಬಾಯಿ ಬಿಡ್ತಾರೆ? ದಿನಕ್ಕೆ ನಾಲ್ಕು ಗಂಟೆ ಅಕ್ಕ ಇಲ್ಲದ ಜಾಗದಲ್ಲಿ ಇರಲಿ. ಈ ವರ್ಷವೇ ಆಗಬೇಕು. ಬಿಟ್ರೆ ಬಿಡಿಸೋದು ಕಷ್ಟವಾಗ್ತಾ ಹೋಗುತ್ತೆ."

ನಮ್ಮ ಬೀದಿಯ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಇದ್ದದ್ದು ಒಂದೇ ತರಗತಿ. ಅಲ್ಲಿಗೆ ಸೇರಿಸಿದರೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅಕ್ಕ ಬರಲಾಗದ ಜಾಗವೆಂದರೆ ಹುಡುಗರ ಶಾಲೆ. ಸರ್ಕಾರದ್ದಲ್ಲದ, ತಮ್ಮದೇ ಆಡಳಿತ ಮಂಡಳಿಯಿರುವ ಎರಡು ಹುಡುಗರ ಶಾಲೆಗಳಿಗೆ ನಾವು ಬಟ್ಟೆ ಹೊಲಿಯುತ್ತಿದ್ದೆವು. ಎರಡರಲ್ಲೂ ಮೂರೂವರೆಯಿಂದ ಆರು ವರ್ಷದವರಿಗೆ ಪುಟಾಣಿ ವಿಭಾಗವಿತ್ತು. ಎರಡರಲ್ಲೂ ಶಾಲೆಗೆ ಕೆಲಸ ಮಾಡಿಕೊಡುವವರ ಮಕ್ಕಳಿಗೆ ಶುಲ್ಕದಲ್ಲಿ ಅರ್ಧ ಬಿಡುತ್ತಿದ್ದರು. ಎರಡರ ಪುಸ್ತಿಕೆಗಳಲ್ಲೂ ನಗುವ ಮಕ್ಕಳಿದ್ದರು. ನಾನು ಎರಡನ್ನೂ ಅಕ್ಷರ ಬಿಡದೆ ಓದಿದೆ. ಮುಖಪುಟ ಬದಲಾಯಿಸಿ ಕೊಟ್ಟರೆ ಯಾವುದು ಯಾವ ಶಾಲೆಯದು ಎಂದು ಹೇಳುವುದು ಕಷ್ಟವಿತ್ತು.

ಹಾಗಾಗಿ ಬಟ್ಟೆಯನ್ನೇ ನೋಡಿದೆ. ರಜೆಯಲ್ಲಿ ದುರಸ್ತಿಗೆಂದು ಸಮವಸ್ತ್ರಗಳು ಮೂಟೆಗಟ್ಟಲೆ ಬರುತ್ತವೆ. ಮೊದಲನೆಯ ಶಾಲೆಯ ಪುಟ್ಟ ಚಡ್ಡಿಗಳು ಹಿಂಭಾಗದಲ್ಲಿ ಮಾತ್ರ ಸವೆದು ಹೊಳೆಯುತ್ತಿದ್ದವು. ಮೇಲಾಗಿ ಆ ಶಾಲೆಯವರ ಆರ್ಡರಿನಲ್ಲಿ ಒಂದು ಸಾಲು ಪ್ರತಿ ವರ್ಷ ಇರುತ್ತಿತ್ತು: ಜೇಬು ಇರಬೇಕು, ಆದರೆ ಬಾಯಿ ಹೊಲಿದು ಮುಚ್ಚಬೇಕು. ಮಕ್ಕಳು ಕೈ ಇಳಿಬಿಟ್ಟು ನಿಲ್ಲುವ ಅಭ್ಯಾಸ ಕಲಿಯಲಿ ಎಂದು. ಎರಡನೆಯ ಶಾಲೆಯ ಪ್ಯಾಂಟುಗಳು ಮಂಡಿಯಲ್ಲಿ ಹರಿದು ಬರುತ್ತಿದ್ದವು. ಜೇಬುಗಳ ಮೂಲೆಗಳು ಕಿತ್ತಿರುತ್ತಿದ್ದವು. ಒಳಗೆ ಬೀಜ, ಕಲ್ಲು, ಒಣಗಿದ ಎಲೆ, ಒಮ್ಮೆ ಒಂದು ಬಸವನಹುಳುವಿನ ಖಾಲಿ ಚಿಪ್ಪು.

"ಏನ್ ಮಾಸ್ಟ್ರೇ, ಮಕ್ಕಳ ಜೇಬು ಕತ್ತರಿಸೋಕೆ ಶುರು ಮಾಡಿದ್ರಾ?" ಎಂದರು ಕಾಜಾ ಅಕ್ಕ. ಗುಂಡಿಗಳಿಗೆ ಕಾಜಾ ಹಾಕುವ ಯಂತ್ರದ ಮುಂದೆ ನನಗಿಂತ ಮೊದಲಿನಿಂದಲೂ ಕೂತವರು ಅವರು.

"ಶಾಲೆ ಹುಡುಕ್ತಾ ಇದೀನಿ ಅಕ್ಕ."

"ಸಿಕ್ತಾ?"

ನಾನು ಚಿಪ್ಪನ್ನು ತೋರಿಸಿದೆ. ಅವರು ಕನ್ನಡಕ ಇಳಿಸಿ ನೋಡಿ, "ಅಡ್ಮಿಷನ್ ಆಗಿದೆ, ಹುಳ ಮಾತ್ರ ರಜಾ ಹಾಕಿದೆ," ಎಂದು ಮತ್ತೆ ಪೆಡಲ್ ಒತ್ತಿದರು.

ಮನೆಯಲ್ಲಿ ಹೇಳಿದಾಗ ಹೆಂಡತಿ ನಕ್ಕಳು. "ಜೇಬು ನೋಡಿ ಶಾಲೆ ಆರಿಸೋರನ್ನ ಇವತ್ತೇ ನೋಡಿದ್ದು." ಆದರೆ ಬೇಡವೆನ್ನಲಿಲ್ಲ. ಬೇಡವೆಂದವರು ಅತ್ತೆ. ಅವರು ಮಕ್ಕಳ ಬಟ್ಟೆ ಮಡಚುತ್ತಾ ಕೂತಿದ್ದರು. ಎರಡು ಗುಡ್ಡೆ ಮಾಡುವುದನ್ನು ಅವರು ಎಂದೂ ರೂಢಿಸಿಕೊಂಡಿರಲಿಲ್ಲ, ಎಲ್ಲ ಒಂದೇ ಗುಡ್ಡೆ.

"ಹೊಟ್ಟೇಲೇ ಜೊತೆಗಿದ್ದೋರು ಅಳಿಯಂದ್ರೇ. ಈಗ ಗೋಡೆ ಕಟ್ತೀರಾ?"

"ನಾಲ್ಕು ಗಂಟೆ ಹೊತ್ತು ಅಷ್ಟೇ ಅತ್ತೆ."

"ಅವನ ಬಾಯಿ ಬಿಡಿಸೋಕೆ ಹೋಗಿ ಅವಳ ಬಾಯಿ ಕಟ್ಟಿಬಿಟ್ಟೀರಿ, ನೋಡ್ಕೊಳ್ಳಿ," ಎಂದರು. ಆ ಮಾತು ಬಹಳ ದಿನ ನನ್ನ ತಲೆಯಲ್ಲೇ ಕೂತಿತ್ತು.

ಆದರೂ ಎರಡನೆಯ ಶಾಲೆಯ ಅರ್ಜಿ ತಂದೆ. ಅದರ ಒಳಪುಟದಲ್ಲಿ ಒಂದು ಪ್ರಶ್ನೆಯಿತ್ತು: ಮಗು ಅಪರಿಚಿತರೊಂದಿಗೆ ಮಾತನಾಡುತ್ತದೆಯೇ? ನಾನು ಅದನ್ನು ಪೆನ್ಸಿಲಿನಲ್ಲಿ ಐದು ಸಲ ಬರೆದು ಅಳಿಸಿದೆ. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ, ನನಗೆ ಅನ್ನಿಸಿದಂತೆ, ಅದೂ ಪೂರ್ತಿ ನಿಜವಲ್ಲ. ಕೊನೆಗೆ "ಮಾತನಾಡುತ್ತಾನೆ, ಅಕ್ಕನ ಮೂಲಕ" ಎಂದು ಬರೆದು, ಆ ಅಕ್ಷರಗಳ ಮೇಲೆಯೇ ಶಾಯಿಯಲ್ಲಿ ತಿದ್ದಿದೆ. ಅಳಿಸಿ ಅಳಿಸಿ ಕಾಗದ ಅಲ್ಲಿ ತೆಳ್ಳಗಾಗಿತ್ತು.

ಎರಡು ವಾರದ ನಂತರ ಪರಿಚಯದ ಬೆಳಿಗ್ಗೆಗೆ ಬರಲು ಹೇಳಿದರು. ಎರಡು ಜಾಗ, ಆರು ಮಕ್ಕಳು. ಮಕ್ಕಳನ್ನು ಒಂಬತ್ತು ಗಂಟೆಗೆ ಗೇಟಿನ ಬಳಿ ಆಯಾಗೆ ಒಪ್ಪಿಸಬೇಕು, ಪುಟಾಣಿ ವಿಭಾಗದ ಮುಖ್ಯಸ್ಥೆ ಒಂದು ಕೋಣೆಯಲ್ಲಿ ಅವರೊಂದಿಗೆ ಆಡಿ, ಮಾತನಾಡಿಸಿ ನೋಡುತ್ತಾರೆ, ಹೆತ್ತವರು ಸಭಾಂಗಣದಲ್ಲಿ ಕಾಯಬೇಕು. ಪತ್ರದ ಕೊನೆಯಲ್ಲಿ, ಮಗುವಿಗೆ ಅಭ್ಯಾಸವಾಗಿರುವ, ಆರಾಮವಾದ ಬಟ್ಟೆ ತೊಡಿಸಿ ಎಂದಿತ್ತು.

ನಾನು ತಪ್ಪು ಮಾಡಿದ್ದು ಇಲ್ಲಿ. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ಹಂಗಾಮು ಶುರುವಾಗುವ ಮುಂಚೆ ಪ್ರತಿ ಶಾಲೆಯ ಪ್ರತಿ ಅಳತೆಯಲ್ಲಿ ಒಂದೊಂದು ಜೊತೆ ಹೊಲಿದು, ಕೆಲಸಗಾರರ ಮಕ್ಕಳಿಗೆ ಹತ್ತು ದಿನ ತೊಡಿಸಿ ನೋಡುತ್ತೇವೆ. ಎಲ್ಲಿ ಬಿಗಿಯುತ್ತದೆ, ಎಲ್ಲಿ ಜಗ್ಗುತ್ತದೆ ಎಂಬುದು ನಿಂತ ಮಗುವಿನಿಂದ ಗೊತ್ತಾಗುವುದಿಲ್ಲ, ಓಡುವ ಮಗುವಿನಿಂದ ಗೊತ್ತಾಗುತ್ತದೆ. ಆ ವರ್ಷ ಎರಡನೆಯ ಶಾಲೆಯ ಅತಿ ಚಿಕ್ಕ ಅಳತೆಗೆ ನನ್ನ ಮಗನೇ ಸರಿಹೊಂದುತ್ತಿದ್ದ. ಬೂದು ಪ್ಯಾಂಟು, ಬಿಳಿ ಅಂಗಿ, ಹಸಿರು ಅಂಚಿನ ಕಾಲರು. ಅದನ್ನು ಅವನು ಬಿಚ್ಚಲೊಲ್ಲ. ಎರಡು ಆಳವಾದ ಜೇಬುಗಳಿದ್ದುವಲ್ಲ. ಅಭ್ಯಾಸವಾದ ಬಟ್ಟೆ, ಆರಾಮವಾದ ಬಟ್ಟೆ ಎಂದು ಓದಿದಾಗ ನನ್ನ ಕಣ್ಣಿಗೆ ಅದೇ ಬಂತು. ಒಗೆದು ಇಸ್ತ್ರಿ ಮಾಡಿ ಅದನ್ನೇ ತೊಡಿಸಿದೆ. ನನ್ನ ಕೆಲಸವನ್ನು ಆ ಶಾಲೆಯವರು ಮಗುವಿನ ಮೈಮೇಲೆ ನೋಡಲಿ ಎಂಬ ಆಸೆಯೂ ಸ್ವಲ್ಪ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ.

ಹೆಂಡತಿಗೆ ಅಂದು ಬೆಳಗಿನ ಪಾಳಿ, ನಾನೊಬ್ಬನೇ ಅವನನ್ನು ಕರೆದುಕೊಂಡು ಹೋದೆ. ಮನೆಯಿಂದ ಹೊರಡುವಾಗ ಮಗಳು ಬಾಗಿಲಲ್ಲಿ ನಿಂತು, "ಅವನಿಗೆ ಹೆಸರು ಕೇಳಿದ್ರೆ ನೀವು ಹೇಳಿ ಅಪ್ಪಾ. ಅವನಿಗೆ ಹೇಳೋಕೆ ಇಷ್ಟ ಇಲ್ವಂತೆ," ಎಂದು ಸೂಚನೆ ಕೊಟ್ಟಳು.

ಗೇಟಿನ ಕಿಟಕಿಯಲ್ಲಿ ಕಾವಲುಗಾರ ಪುಸ್ತಕ ಮುಂದಿಟ್ಟ. ನಾನು ಸಹಿ ಹಾಕಿ ತಿರುಗುವಷ್ಟರಲ್ಲಿ ಆಯಾ ಒಬ್ಬರು ಮಗನ ಕೈ ಹಿಡಿದು, "ಏನಪ್ಪಾ, ಸಾಲು ಬಿಟ್ಟು ಇಲ್ಲೇನು ಮಾಡ್ತಿದೀಯಾ?" ಎಂದು ಅಂಗಳದ ಕಡೆ ಕರೆದೊಯ್ಯುತ್ತಿದ್ದರು. ಅಲ್ಲಿ ಪುಟ್ಟ ಹುಡುಗರ ಸಾಲೊಂದು ಒಳಗೆ ಹೋಗುತ್ತಿತ್ತು. ಮಗ ಒಮ್ಮೆ ಹಿಂತಿರುಗಿ ನೋಡಿದ. ಅಳಲಿಲ್ಲ. ಇಷ್ಟು ಸಲೀಸಾಗಿ ಹೋದನಲ್ಲ ಎಂದುಕೊಂಡು ನಾನು ಸಭಾಂಗಣಕ್ಕೆ ಹೋದೆ.

ಅಲ್ಲಿ ನನ್ನ ಪಕ್ಕದಲ್ಲಿ ಔಷಧಿ ಅಂಗಡಿಯವರೊಬ್ಬರು ಕೂತಿದ್ದರು. "ನಮ್ಮವನು ಹದಿನಾರು ಬಣ್ಣ ಹೇಳ್ತಾನೆ," ಎಂದರು.

"ಹದಿನಾರಾ?"

"ನೇರಳೆಯಲ್ಲೇ ಎರಡು ಬಗೆ. ನಿಮ್ಮವನು?"

"ಬಟ್ಟೆ ಮುಟ್ಟಿ ಯಾವುದು ಹತ್ತಿ, ಯಾವುದು ಅಲ್ಲ ಅಂತ ಹೇಳ್ತಾನೆ."

"ಬಾಯಲ್ಲಿ?"

"ಕೈಯಲ್ಲಿ."

ಅವರು ತಲೆಯಾಡಿಸಿದರು, ಆಮೇಲೆ ತಮ್ಮ ಕುರ್ಚಿಯನ್ನು ಕೊಂಚ ಆ ಕಡೆಗೆ ತಿರುಗಿಸಿಕೊಂಡರು. ನಾನು ಅವರ ಅಂಗಿಯ ತೋಳು ಒಂದು ಬೆರಳು ಉದ್ದವಾಗಿರುವುದನ್ನು ನೋಡುತ್ತಾ ಕೂತೆ.

ಹನ್ನೊಂದಕ್ಕೆ ಬಾಗಿಲು ತೆರೆಯಿತು. ಐದು ಮಕ್ಕಳು ಹೊರಗೆ ಬಂದವು. ಒಂದೊಂದೂ ಒಬ್ಬೊಬ್ಬರ ಮಡಿಲು ಸೇರಿತು. ಹಿಂದೆ ಬಂದ ಮುಖ್ಯಸ್ಥೆ, ಐವತ್ತೈದರ ಆಸುಪಾಸಿನವರು, ನನ್ನನ್ನು ನೋಡಿ ನಿಂತರು.

"ನೀವು ಯಾರ ತಂದೆ?"

ಹೇಳಿದೆ. ಅವರು ಕೈಯಲ್ಲಿದ್ದ ಪಟ್ಟಿ ನೋಡಿದರು. "ಆ ಮಗು ಬರಲಿಲ್ಲ ಅಂತ ಬರೆದಿದೀನಲ್ಲ."

ನಾನು ಎದ್ದು ನಿಂತೆ. "ಬಂದಿದಾನೆ ಮೇಡಂ. ಒಂಬತ್ತಕ್ಕೇ ಒಳಗೆ ಹೋದ. ಆಯಾನೇ ಕರ್ಕೊಂಡು ಹೋದ್ರು."

"ಯಾವ ಬಟ್ಟೆ ಹಾಕಿದ್ದ?"

ಹೇಳಲು ಬಾಯಿ ತೆರೆದೆ. ಆಗಷ್ಟೇ ನನಗೆ ಅರ್ಥವಾಯಿತು. "ಇಲ್ಲೀದೇ," ಎಂದೆ.

"ಇಲ್ಲೀದೇ ಅಂದ್ರೆ?"

"ನಿಮ್ಮ ಶಾಲೆಯ ಸಮವಸ್ತ್ರ ಮೇಡಂ. ನಾನೇ ಕತ್ತರಿಸಿದ್ದು."

ಅವರು ಪಟ್ಟಿಯನ್ನು ಮಡಚಿದರು. "ಇಪ್ಪತ್ತೊಂಬತ್ತು ವರ್ಷದಲ್ಲಿ ಶಿಫಾರಸು ಪತ್ರ ತಂದೋರನ್ನ ನೋಡಿದೀನಿ. ಸೇರೋಕೆ ಮುಂಚೆನೇ ಸಮವಸ್ತ್ರ ಹಾಕ್ಸಿ ಕಳಿಸಿದೋರು ನೀವೇ ಮೊದಲು. ಬನ್ನಿ."

ಮೂರನೆಯ ಕೋಣೆಯಲ್ಲಿ ಸಿಕ್ಕಿದ. ಗಿಡ್ಡ ಮೇಜುಗಳ ಸುತ್ತ ಹದಿನಾಲ್ಕು ಹುಡುಗರು ಕಾಗದದ ಮೇಲೆ ಎಲೆ ಅಂಟಿಸುತ್ತಿದ್ದರು. ಅವರಲ್ಲಿ ಅವನೂ ಒಬ್ಬ. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಕಾಲರಿನ ಹಸಿರು ಅಂಚು ಹದಿನಾಲ್ಕು ಕಡೆ ಒಂದೇ ರೀತಿ ಕಾಣುತ್ತಿತ್ತು, ನನ್ನ ಮಗನನ್ನು ಗುರುತು ಹಿಡಿಯಲು ನನಗೇ ಒಂದು ಕ್ಷಣ ಬೇಕಾಯಿತು.

ತರಗತಿಯ ಟೀಚರ್ ಆ ದಿನ ರಜೆಯಲ್ಲಿದ್ದರು. ಬದಲಿಗೆ ಬಂದಿದ್ದ ಯುವತಿಗೆ ಮಕ್ಕಳ ಮುಖ ಪರಿಚಯವಿರಲಿಲ್ಲ. "ಹದಿನಾಲ್ಕು ಅಂತ ಪುಸ್ತಕದಲ್ಲಿತ್ತು ಮೇಡಂ, ಎಣಿಸಿದೆ, ಹದಿನಾಲ್ಕೇ ಇತ್ತು," ಎಂದರು. ತರಗತಿಯ ಒಬ್ಬ ಹುಡುಗ ಜ್ವರವೆಂದು ಬಂದಿರಲಿಲ್ಲ. ಆ ಸುದ್ದಿ ಆಫೀಸಿನಲ್ಲೇ ಉಳಿದಿತ್ತು. ಅವನ ಜಾಗದಲ್ಲಿ ನನ್ನ ಮಗ ಕೂತಿದ್ದರಿಂದ ಲೆಕ್ಕ ಸರಿಹೋಗಿತ್ತು.

"ಹಾಜರಿ ಕೂಗಿದಾಗ?" ಎಂದು ಮುಖ್ಯಸ್ಥೆ ಕೇಳಿದರು.

"ಎಲ್ಲರೂ ಉತ್ತರ ಕೊಟ್ರು. ಇವನೂ ಕೊಟ್ಟ. ಕೊನೆಗೆ ಒಂದು ಹೆಸರು ಉಳೀತು, ಎಲ್ಲರೂ ಇವನ ಕಡೆ ನೋಡಿದ್ರು. 'ಇದ್ದೀನಿ ಟೀಚರ್' ಅಂದ."

"ಅಂದನಾ?" ಎಂದೆ ನಾನು. ನನ್ನ ಧ್ವನಿ ಜೋರಾಯಿತು ಎಂದು ಕಾಣುತ್ತದೆ, ಎರಡು ಮಕ್ಕಳು ತಲೆಯೆತ್ತಿದವು.

"ಅಂದ. ಆಮೇಲೆ ಅಂಟು ಖಾಲಿ ಆಯ್ತು ಅಂತಾನೂ ಹೇಳಿದ."

ಮಗ ನನ್ನನ್ನು ನೋಡಿ ಎದ್ದು ಬಂದ. ನನ್ನ ಪ್ಯಾಂಟಿನ ಮಡಿಕೆ ಹಿಡಿದುಕೊಂಡು ನಿಂತ. ಮುಖ್ಯಸ್ಥೆ ಬಗ್ಗಿ, "ಅಂಟು ಖಾಲಿ ಆಯ್ತಾ ಮರೀ?" ಎಂದರು. ಅವನು ತುಟಿ ಬಿಗಿದುಕೊಂಡ. ಮತ್ತೊಮ್ಮೆ ಕೇಳಿದರೂ ಅಷ್ಟೇ. ಬದಲಿ ಟೀಚರ್‌ಗೆ ಯಾವ ಮುಖವೂ ಗೊತ್ತಿರಲಿಲ್ಲ. ಹಾಗಾದರೆ ಅಂಟು ಕೇಳಿದವನು ಇವನೇ ಎಂದು ಹೇಗೆ ನಂಬುವುದು? ಪಕ್ಕದವನು ಕೇಳಿರಬಹುದು. ನಾನು ಹಾಗೆ ಯೋಚಿಸುತ್ತಿರುವಾಗಲೇ ಮುಖ್ಯಸ್ಥೆಯೂ ಅದನ್ನೇ ಹೇಳಿದರು.

"ನೋಡಿ, ಇದನ್ನ ನಾನು ಲೆಕ್ಕಕ್ಕೆ ತಗೊಳೋಕಾಗಲ್ಲ. ನನ್ನ ಪಟ್ಟಿಯಲ್ಲಿ ಇವನು ಗೈರು. ಗುರುವಾರ ಒಬ್ಬನನ್ನೇ ಕರ್ಕೊಂಡು ಬನ್ನಿ. ಮನೆ ಬಟ್ಟೆ ಹಾಕಿ."

ಹೊರಡುವಾಗ ನಾನು ಮತ್ತೆ ಒಳಗೆ ಹೋಗಿ ಬದಲಿ ಟೀಚರ್‌ಗೆ ಹೇಳಿದೆ: ಜ್ವರದ ಹುಡುಗನ ಹೆಸರಿನ ಮುಂದೆ ಹಾಜರಿ ಬಿದ್ದಿದೆ, ತಿದ್ದಬೇಕು, ಅವನ ತಾಯಿ ನೋಡಿದರೆ ಗಾಬರಿಯಾದೀತು. ಅವರು ನನ್ನೆದುರಿಗೇ ತಿದ್ದಿದರು. ಹಾಗೆ ನನ್ನ ಮಗ ಆ ಶಾಲೆಯಲ್ಲಿ ಆಡಿದ್ದನೆನ್ನಲಾದ ಮೊದಲ ಮಾತಿನ ಗುರುತನ್ನು ನಾನೇ ನಿಂತು ಅಳಿಸಿದಂತಾಯಿತು. ಅದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಪಾಳಿ ಮುಗಿಸಿ ಮಧ್ಯಾಹ್ನ ಬಂದ ಹೆಂಡತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ತೊಳೆಯುತ್ತಾ ಕೇಳಿಸಿಕೊಂಡಳು. ಅವಳು ಕೈ ತೊಳೆಯುವುದು ಮೊಣಕೈವರೆಗೆ, ಬಹಳ ಹೊತ್ತು.

"ಒಬ್ಬರ ರಕ್ತ ಇನ್ನೊಬ್ಬರ ಹೆಸರಿನ ಬಾಟಲಿಗೆ ಹೋಗಿದೆ. ನಮ್ಮಲ್ಲಿ ಹೀಗಾದ್ರೆ ಏನು ಮಾಡ್ತೀವಿ? ಚೆಲ್ಲಿ ಮತ್ತೆ ತೆಗೀತೀವಿ. ಅಷ್ಟೇರೀ."

"ಗುರುವಾರ ಮಾತಾಡದಿದ್ರೆ?"

"ಮಾತಾಡಲಿಲ್ಲ ಅಂತ ಗೊತ್ತಾಗುತ್ತೆ."

"ನೀನು ಇಷ್ಟು ಧೈರ್ಯವಾಗಿ ಹೇಳ್ತೀಯಲ್ಲ."

"ಧೈರ್ಯ ಅಲ್ಲ. ಪಾಳಿ ಮುಗಿಸಿ ಬಂದಿದೀನಿ, ಹೆದರೋಕೂ ಶಕ್ತಿ ಇಲ್ಲ," ಎಂದು ಅವಳು ಕುರ್ಚಿಯಲ್ಲಿ ಕೂತಳು.

ಎಲ್ಲರೂ ಊಟಕ್ಕೆ ಕೂತಾಗ ಅತ್ತೆ ವಿಚಾರಣೆ ಶುರು ಮಾಡಿದರು. "ಏನು ಸಾಹೇಬ್ರೇ, ಸ್ಕೂಲು ಹೇಗಿತ್ತು?"

ಎಂದಿನಂತೆ ಮಗಳು ಎದ್ದು ನಿಂತಳು. "ಚೆನ್ನಾಗಿತ್ತಂತೆ. ದೊಡ್ಡ ಕೋಣೆಯಂತೆ. ಟೀಚರ್ ಕೆಂಪು ಕನ್ನಡಕ ಹಾಕಿದ್ರಂತೆ. ಅವನಿಗೆ ಹಾಡು ಹೇಳಿಕೊಟ್ರಂತೆ."

ನಾನು ಹೆಂಡತಿಯ ಕಡೆ ನೋಡಿದೆ. ಬದಲಿ ಟೀಚರ್ ಕನ್ನಡಕ ಹಾಕಿರಲಿಲ್ಲ. ಬೆಳಗಿನಿಂದ ಅಕ್ಕ ತಮ್ಮ ಇಬ್ಬರೇ ಕೂತು ಮಾತಾಡುವಷ್ಟು ಸಮಯವೂ ಸಿಕ್ಕಿರಲಿಲ್ಲ. ಮಗಳು ತಾನು ಕಂಡಿರದ ಜಾಗದ ಬಗ್ಗೆ ತಾನೇ ಕಟ್ಟಿ ಹೇಳುತ್ತಿದ್ದಳು. ಇಷ್ಟು ದಿನ ಲೋಟ, ನಿದ್ದೆ, ಸಿಟ್ಟು ಎಂದು ನಾವು ಕೇಳಿದ್ದರಲ್ಲಿ ಎಷ್ಟು ಹೀಗೆ ಕಟ್ಟಿದ್ದೋ ತಿಳಿಯದು.

"ಅಲ್ಲ," ಎಂದ ಮಗ.

ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತು.

"ಕನ್ನಡಕ ಇಲ್ಲ," ಎಂದ. ಸ್ವಲ್ಪ ತಡೆದು, "ಅಂಟು ಖಾಲಿ ಆಯ್ತು," ಎಂದ.

ಅಂದರೆ ಬದಲಿ ಟೀಚರ್ ಹೇಳಿದ್ದು ನಿಜ. ನನಗೆ ಬೇಕಿದ್ದ ಪುರಾವೆ ಊಟದ ಮೇಜಿನ ಮೇಲೆ ಬಂದು ಬಿದ್ದಿತ್ತು. ಅತ್ತೆ, "ಅಬ್ಬಾ, ಸಾಹೇಬ್ರು ತಾವೇ ಆರ್ಡರ್ ಹಾಕಿದ್ರು," ಎಂದು ನಗಲು ಹೊರಟವರು ಮಗಳ ಮುಖ ನೋಡಿ ನಿಲ್ಲಿಸಿದರು. ಮಗಳು ಇನ್ನೂ ನಿಂತೇ ಇದ್ದಳು. ಆಮೇಲೆ ಹೋಗಿ ಕಿಟಕಿಯ ಪರದೆಯ ಹಿಂದೆ ನಿಂತುಕೊಂಡಳು. ಪರದೆಯ ಕೆಳಗೆ ಅವಳ ಪಾದಗಳು ಕಾಣುತ್ತಿದ್ದವು.

ಹೆಂಡತಿ ಎದ್ದು ಹೋಗಿ ಪರದೆಯ ಈಚೆಯೇ ನೆಲದ ಮೇಲೆ ಕೂತಳು. "ಏನಾಯ್ತು ಪುಟ್ಟಾ?"

ಒಳಗಿನಿಂದ ಉತ್ತರ ಬಂತು. "ಅವನು ನಂಗೆ ಹೇಳೇ ಇಲ್ಲ."

ಗುರುವಾರ ಮನೆಯ ಬಟ್ಟೆ ತೊಡಿಸಿದೆ. ಹಿಂದಿನ ದಿನ ಊಟದ ಬಿಡುವಿನಲ್ಲಿ ಆ ಪ್ಯಾಂಟಿಗೆ ಎರಡು ಜೇಬು ಕೂಡಿಸಿಟ್ಟಿದ್ದೆ. ಅದು ವಂಚನೆಯಾಗುವುದೇ ಎಂದು ಕಾಜಾ ಅಕ್ಕನನ್ನು ಕೇಳಿದ್ದೆ. "ಜೇಬಲ್ಲಿ ಚೀಟಿ ಇಡ್ತೀರಾ?" "ಇಲ್ಲ." "ಮತ್ತೆ ಸುಮ್ನಿರಿ ಮಾಸ್ಟ್ರೇ," ಎಂದಿದ್ದರು.

ಮುಖ್ಯಸ್ಥೆ ನನ್ನನ್ನೂ ಒಳಗೆ ಬಿಟ್ಟರು, ಬಾಗಿಲ ಬಳಿಯ ಸ್ಟೂಲಿನ ಮೇಲೆ, ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ. ಅವರು ಮಗನ ಎದುರು ಒಂದು ಗಿಡ್ಡ ಕುರ್ಚಿಯಲ್ಲಿ ಕೂತರು. ನಡುವೆ ಮರದ ತುಂಡುಗಳಿದ್ದವು. ಇಬ್ಬರೂ ಸ್ವಲ್ಪ ಹೊತ್ತು ಮಾತಿಲ್ಲದೆ ಅವನ್ನು ಒಂದರ ಮೇಲೊಂದು ಇಟ್ಟರು.

"ನಿನ್ನ ಹೆಸರೇನು?"

ಅವನು ಜೇಬಿನಲ್ಲಿ ಕೈ ಇಟ್ಟುಕೊಂಡ. ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿತ್ತು, ಇರಬಾರದಿತ್ತು. ಮುಳ್ಳು ಒಂದು ಸುತ್ತು ಮುಗಿಸಿತು. ನನ್ನ ನಾಲಿಗೆಯ ತುದಿಯಲ್ಲಿ ಅವನ ಹೆಸರು ಕೂತಿತ್ತು. ಹೇಳಿಬಿಡು ಎಂದು ಒಳಗಿನಿಂದ ಯಾರೋ ತಳ್ಳುತ್ತಿದ್ದರು. ವಕೀಲಿ ಮಗಳಿಗೆ ಎಲ್ಲಿಂದ ಬಂತು ಎಂದು ನನಗೆ ಆ ಸ್ಟೂಲಿನ ಮೇಲೆ ತಿಳಿಯಿತು. ಮುಳ್ಳು ಎರಡನೆಯ ಸುತ್ತಿನ ಅರ್ಧಕ್ಕೆ ಬಂದಾಗ ಮಗ ಒಂದು ಹೆಸರು ಹೇಳಿದ, ಸ್ಪಷ್ಟವಾಗಿ.

ಅದು ಜ್ವರದ ಹುಡುಗನ ಹೆಸರು.

ಮುಖ್ಯಸ್ಥೆ ತಮ್ಮ ಕಾಗದ ನೋಡಿದರು, ನನ್ನನ್ನು ನೋಡಿದರು. ನಾನು ಷರತ್ತು ಮುರಿಯಲಿಲ್ಲ.

"ಮನೆಯಲ್ಲೂ ಅದೇ ಹೆಸರಾ?"

"ಮನೇಲಿ ಬೇರೆ," ಎಂದ ಮಗ. ತನ್ನ ಹೆಸರು ಹೇಳಿದ. ಆಮೇಲೆ, ಅವರಿಗೆ ಗೊತ್ತಿರಲಿಕ್ಕಿಲ್ಲ ಎನ್ನುವಂತೆ, "ಇಲ್ಲಿ ಅದು," ಎಂದು ಸೇರಿಸಿದ.

"ಅದು ಇನ್ನೊಬ್ಬ ಹುಡುಗಂದು ಮರೀ. ಅವನಿಗೆ ಜ್ವರ ಬಿಟ್ಟಿದೆ, ವಾಪಸ್ ಬಂದು ತಗೊಂಡ. ಇಲ್ಲೂ ನಿಂದೇ ಹೆಸರು ಇಟ್ಕೋ, ಆಗಬಹುದಾ?"

ಅವನು ಯೋಚಿಸಿ, "ಹೂಂ," ಎಂದ.

ಅವರು ಬರೆದರು. ಏನು ಬರೆದರೆಂದು ನನಗೆ ಕಾಣಲಿಲ್ಲ. ಐದನೆಯ ದಿನ ಪತ್ರ ಬಂತು: ಜಾಗವಿದೆ, ಮೂರು ದಿನದೊಳಗೆ ತಿಳಿಸಬೇಕು.

ಆ ಮೂರು ದಿನ ನಾನು ಸರಿಯಾಗಿ ಕೆಲಸ ಮಾಡಲಿಲ್ಲ. ಮಗಳು ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದಳು. ತಮ್ಮನಿಗೆ ಏನು ಬೇಕೆಂದು ಕೇಳಿದರೆ, "ಗೊತ್ತಿಲ್ಲ," ಎನ್ನುತ್ತಿದ್ದಳು. ಅತ್ತೆ ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಮೊದಲೇ ಹೇಳಿದ್ದರಲ್ಲ. ಮಗಳ ಮೌನಕ್ಕೆ ಬೆಲೆ ಕೊಟ್ಟು ಇಬ್ಬರನ್ನೂ ಬೀದಿಯ ಶಾಲೆಗೇ ಸೇರಿಸಿದರೆ ಅವನು ಮತ್ತೆ ಅವಳ ಬೆನ್ನ ಹಿಂದೆ ನಿಲ್ಲುತ್ತಾನೆ, ಅವಳು ಮತ್ತೆ ಕಟ್ಟಿ ಹೇಳುತ್ತಾಳೆ, ಮನೆ ಮೊದಲಿನಂತೆ ಆಗುತ್ತದೆ. ಅದು ಸುಲಭವಿತ್ತು. ಮೂರನೆಯ ದಿನ ಹೆಂಡತಿ ಪತ್ರವನ್ನು ಮೇಜಿನ ಮೇಲಿಟ್ಟು, "ನಾನು ಸಹಿ ಮಾಡಿದೀನಿ. ನಿಮ್ಮ ಜಾಗ ಖಾಲಿ ಇದೆ," ಎಂದಳು. ಕೈ ಒಮ್ಮೆ ತಡೆಯಿತು. ಸಹಿ ಹಾಕಿದೆ. ಸರಿಯಾಗಿ ಮಾಡಿದೆನೇ ಎಂದು ಈಗಲೂ ಖಚಿತವಾಗಿ ಹೇಳಲಾರೆ.

ಮಗಳು ಬೀದಿಯ ಶಾಲೆಗೆ ಸೇರಿದಳು. ಆ ಶಾಲೆಯ ಫ್ರಾಕನ್ನು ಕತ್ತರಿಸಲು ಬಟ್ಟೆಯ ಮೇಲಿಡುವ ಅಳತೆಯ ರಟ್ಟೂ ನಮ್ಮಲ್ಲೇ ಇದೆ. ಆ ಫ್ರಾಕಿಗೆ ಜೇಬಿಲ್ಲ. ತೊಡಿಸಿ ನೋಡುವಾಗ ಅವಳು ಎರಡೂ ಪಕ್ಕ ತಡವಿ, "ನಂದೆಲ್ಲಿ?" ಎಂದಳು. ಆರ್ಡರಿನಲ್ಲಿ ಇಲ್ಲದ್ದನ್ನು ಹೊಲಿಯುವುದು ನನ್ನ ಅಭ್ಯಾಸವಲ್ಲ. ಪಕ್ಕದ ಹೊಲಿಗೆ ಬಿಚ್ಚಿ, ಹೊರಗೆ ಕಾಣದಂತೆ ಒಂದು ಜೇಬು ಕೂಡಿಸಿದೆ.

ಮೊದಲ ವಾರದ ಕೊನೆಯ ದಿನ ಮಗ ಮನೆಗೆ ಬಂದು, ಜೇಬಿನಿಂದ ಒಂದು ಚಪ್ಪಟೆ ಕಲ್ಲು ತೆಗೆದು ಅಕ್ಕನ ಮುಂದೆ ಮೇಜಿನ ಮೇಲಿಟ್ಟ. ಬೂದು ಕಲ್ಲು, ನಡುವೆ ಒಂದು ಬಿಳಿ ಗೆರೆ.

"ಎಲ್ಲಿ ಸಿಕ್ತೋ ಇದು?" ಎಂದು ಅತ್ತೆ ಕೇಳಿದರು.

ನಾವು ಮೂವರು ದೊಡ್ಡವರೂ, ಅಭ್ಯಾಸಬಲದಿಂದ, ಮಗಳ ಕಡೆ ತಿರುಗಿದೆವು. ಅವಳು ಬಾಯಿ ತೆರೆದಳು. ಮುಚ್ಚಿದಳು.

"ನಂಗೇನು ಗೊತ್ತು? ನಾನಲ್ಲಿ ಇರಲಿಲ್ಲ," ಎಂದಳು. "ಅವನನ್ನೇ ಕೇಳಿ."

ಕೇಳುವುದೇನು, ಕೇಳಿ ಆಗಿತ್ತು. ಅವನು ಕಲ್ಲನ್ನು ಒಂದು ಬೆರಳಿನಿಂದ ತಿರುಗಿಸುತ್ತಿದ್ದ. ಮಗಳು ಎರಡೂ ಮೊಣಕೈಗಳನ್ನು ಮೇಜಿಗೆ ಊರಿ ಅವನ ಬಾಯನ್ನೇ ನೋಡುತ್ತಾ ಕಾದಳು. ಸಾಕಷ್ಟು ಹೊತ್ತು ಹಿಡಿಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ.

"ನಲ್ಲಿ ಹತ್ರ," ಎಂದ. "ನಿಂಗೆ."

ಅವಳು ಕಲ್ಲನ್ನು ಎತ್ತಿ, ತಿರುಗಿಸಿ ನೋಡಿ, ಫ್ರಾಕಿನ ಪಕ್ಕದಲ್ಲಿ ಜೇಬಿನ ಬಾಯಿಯನ್ನು ಹುಡುಕಿಕೊಂಡು ಒಳಗೆ ಹಾಕಿದಳು.